ಬಾಯಮ್ಮನ ಡರ್ಹಮ್ ಹರಕೆ

ಮೊನ್ನೆ ಅಡುಗೆಮನೆ ಕಿಟಕಿಯಿಂದ ಬಾಫಾತ್ ಪುಡಿಯ ವಾಸನೆ ಬಂತು. ಗಲ್ಫಿನ ಈ ಗುದೈಬಿಯಾದ ನಮ್ಮ ಹಳೆಯ ಕಟ್ಟಡದಲ್ಲಿ ಎರಡು ಮನೆಗಳ ಅಡುಗೆಮನೆಗಳು ಎದುರುಬದುರು. ಒಬ್ಬರು ಮಸಾಲೆ ಹುರಿದರೆ ಇನ್ನೊಬ್ಬರು ಸೀನಬೇಕು. ಹೊಸದಾಗಿ ಬಂದವರೂ ಮಂಗಳೂರು ಕಡೆಯ ಕ್ರಿಶ್ಚಿಯನ್ನರೇ ಇರಬೇಕು. ಆದರೆ "ಹೆದರಬೇಡ ಮಾರಾಯ್ತಿ, ಇವತ್ತು ಕೋಳಿ" ಎಂದು ಕಿಟಕಿಯಿಂದ ಕೂಗಿ ಹೇಳುವ ಅಭ್ಯಾಸ ಇವರಿಗಿಲ್ಲ. ಅದು ಇದ್ದದ್ದು ಮೊದಲು ಅಲ್ಲಿದ್ದ ಬಾಯಮ್ಮನಿಗೆ. ನಾನು ಬ್ಯಾರಿ ಮುಸ್ಲಿಮರ ಮನೆಯವಳು. ಹಂದಿ ಬೇಯುವ ದಿನ ಅವರೇ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು...

ಬಾಯಮ್ಮ ನರ್ಸ್. ಗಂಡ ತೀರಿಹೋಗಿದ್ದರು, ಒಬ್ಬಳೇ ಮಗಳು. ಇಲ್ಲಿನ ಆಸ್ಪತ್ರೆಯ ಕಾಂಟ್ರಾಕ್ಟ್ ಮುಗಿಯುವುದರಲ್ಲಿತ್ತು, ಇಂಗ್ಲೆಂಡಿಗೆ ಅರ್ಜಿ ಹಾಕಿದ್ದರು. ತಾಪತ್ರಯ ಇದ್ದದ್ದು ಮಗಳ ವಯಸ್ಸಿನದು. ಹದಿನೆಂಟು ತುಂಬುವುದರೊಳಗೆ ಕಾಗದಪತ್ರ ಹೋಗದಿದ್ದರೆ ತಾಯಿಯ ಜೊತೆ ಮಗಳಿಗೆ ವೀಸಾ ಇಲ್ಲ. ಹುಡುಗಿಯನ್ನು ಊರಲ್ಲಿ ಬಿಡೋಣವೆಂದರೆ ನೋಡಿಕೊಳ್ಳುವವರು ಯಾರೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಲ್ಯಾಂಕಾಸ್ಟರ್ ಎಂಬ ಊರಿನಿಂದ ಕೆಲಸಕ್ಕೆ ಕರೆ ಬಂತು. ಬಾಯಮ್ಮ ಬೇಡ ಎಂದುಬಿಟ್ಟರು! ಫೋನಿನಲ್ಲಿ ಆ ಊರಿನ ಚರಿತ್ರೆ ಓದಿದ್ದರಂತೆ. ಅಲ್ಲಿ ಒಂದು ಕೋಟೆ, ಆ ಕೋಟೆಯೇ ಜೈಲು, ಮಾಟಗಾತಿಯರೆಂದು ಹೇಳಿ ಬಡ ಹೆಂಗಸರನ್ನು ಅಲ್ಲಿ ವಿಚಾರಣೆ ಮಾಡಿ ನೇಣಿಗೆ ಹಾಕಿದ್ದರಂತೆ.

"ಅಂಥ ಊರಿಗೆ ಹೆಣ್ಣುಮಗು ಕಟ್ಟಿಕೊಂಡು ಹೋಗ್ಲಿಕ್ಕುಂಟಾ?"

"ನಾನೂರು ವರ್ಷದ ಹಿಂದಿನದಲ್ವಾ ಬಾಯಮ್ಮ, ನಿಮಗೆಂತ ಮರುಳಾ?" ಎಂದೆ. ಕೇಳಬೇಕಲ್ಲ.

ಅವರ ಮನಸ್ಸೆಲ್ಲ ಡರ್ಹಮ್ ಎಂಬ ಇನ್ನೊಂದು ಊರಿನ ಮೇಲೆ ಕೂತಿತ್ತು. ಅಲ್ಲಿಯೂ ಅರ್ಜಿ ಇತ್ತು, ಉತ್ತರ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಬೀನ್ಸಿನ ನಾರು ತೆಗೆಯುತ್ತ ನನಗೆ ಆ ಊರಿನ ಕತೆ ಹೇಳುತ್ತಿದ್ದರು. ದ್ವೀಪವೊಂದರಲ್ಲಿ ಹೂತಿದ್ದ ಸಂತನ ಶವಪೆಟ್ಟಿಗೆಯನ್ನು, ಕಡಲಿನಿಂದ ಬಂದ ದರೋಡೆಕೋರರಿಗೆ ಹೆದರಿ, ಸನ್ಯಾಸಿಗಳು ಹೊತ್ತುಕೊಂಡು ಊರೂರು ಅಲೆದರಂತೆ. ಕೊನೆಗೊಂದು ಕಡೆ ಪೆಟ್ಟಿಗೆ ಮಿಸುಕಲೇ ಇಲ್ಲ. ಕಳೆದುಹೋದ ಹಸು ಹುಡುಕುತ್ತಿದ್ದ ಹೆಂಗಸಿನ ಹಿಂದೆ ಹೋದಾಗ ಹೊಳೆ ಬಳಸಿ ಹರಿಯುವ ಗುಡ್ಡ ಸಿಕ್ಕಿತು, ಅಲ್ಲೇ ಇಗರ್ಜಿ ಕಟ್ಟಿದರು. ಅದರ ಬಾಗಿಲಿಗೆ ಸಿಂಹದಂಥ ಮುಖದ ಕಂಚಿನ ಬಳೆ. ಓಡಿಬಂದ ಅಪರಾಧಿ ಅದನ್ನು ಹಿಡಿದರೆ ಕೆಲವು ದಿನ ಯಾರೂ ಮುಟ್ಟುವ ಹಾಗಿರಲಿಲ್ಲವಂತೆ.

"ನೋಡು, ವೀಸಾ ಮುಗಿದವರಿಗೂ ಅಲ್ಲಿ ಜಾಗ ಉಂಟು" ಎಂದು ನಕ್ಕರು.

ಹರಕೆಯನ್ನೂ ಹೇಳಿಕೊಂಡರು. ಮಗಳು ತನ್ನ ಜೊತೆಯಲ್ಲೇ ಬರುವಂತಾದರೆ ಆ ಸಂತನ ಗೋರಿಯ ಹತ್ತಿರವೇ ಪಾದ್ರಿಯವರಿಂದ ಬಲಿಪೂಜೆ, ಅಂದರೆ ಕ್ಯಾಥೊಲಿಕರ ಮಾಸ್, ಮಾಡಿಸುವುದು. ಮಗಳಿಗೆ ತಿಳಿಸಲಿಲ್ಲ. ನನಗೆ ಮಾತ್ರ ಗೊತ್ತಿತ್ತು.

ಡರ್ಹಮ್‌ನವರ ಕಾಗದ ಬಂತು, ಹುಡುಗಿಯ ಹುಟ್ಟುಹಬ್ಬಕ್ಕೆ ಸ್ವಲ್ಪವೇ ಮೊದಲು. ನಾನೂ ಅಲ್ಲಾಹನಿಗೆ ಶುಕ್ರ್ ಹೇಳಿದೆ. ಇಬ್ಬರೂ ಹೊರಟುಹೋದರು.

ಅಲ್ಲಿಂದ ಬಂದ ಮೊದಲ ಫೋನಿನಲ್ಲಿ ಬಾಯಮ್ಮನ ದನಿ ಬಿದ್ದುಹೋಗಿತ್ತು. "ಅದು ನಮ್ಮದಲ್ಲವಂತೆ ಮಾರಾಯ್ತಿ!" ಯಾವುದೋ ರಾಜ ಪೋಪರ ಜೊತೆ ಜಗಳ ಮಾಡಿಕೊಂಡ ಕಾಲಕ್ಕೇ ಆ ಇಗರ್ಜಿ ಪ್ರೊಟೆಸ್ಟೆಂಟರ ಪಾಲಾಗಿತ್ತು. ಸಂತನ ಗೋರಿ ಇರುವ ಇಗರ್ಜಿ ಎಂದರೆ ಕ್ಯಾಥೊಲಿಕರದೇ ಎಂದು ಹಳೆ ಗೋವೆಯಲ್ಲಿ ಸಂತನ ಶವ ಇಟ್ಟ ಇಗರ್ಜಿ ನೋಡಿದವರಿಗೆ ಅನ್ನಿಸದೆ ಇನ್ನೇನು? ತಮಾಷೆಯೆಂದರೆ, ಅವರು ಬೇಡವೆಂದ ಲ್ಯಾಂಕಾಸ್ಟರಿನಲ್ಲಿ ಇರುವ ಕೆಥೆಡ್ರಲ್ಲೇ ಕ್ಯಾಥೊಲಿಕರದ್ದು. ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಅದೇ ಊರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಪೂಜೆ ಮಾಡಿಸಿದರು. ಅಲ್ಲಿನ ಪಾದ್ರಿ ಅಷ್ಟು ಸಾಕು ಎಂದರು. ಬಾಯಮ್ಮನಿಗೆ ಸಾಕಾಗಲಿಲ್ಲ. "ಗೋರಿಯ ಹತ್ತಿರ ಅಂತ ಹೇಳಿದ್ದೆನಲ್ಲ..." ತೀರದ ಹರಕೆ ಯಾರಿಗಾಗಿ ಹೇಳಿದ್ದೋ ಅವರನ್ನೇ ಹಿಡಿಯುತ್ತದೆ ಎಂದು ನಮ್ಮ ಕಡೆ ಎಲ್ಲ ಜಾತಿಯವರೂ ಹೆದರುತ್ತಾರೆ. ಮಗಳಿಗೆ ನೆಗಡಿ ಬಂದರೂ ನನಗೆ ಫೋನ್ ಬರುತ್ತಿತ್ತು. ಸಂತನಿಗೆ ಇದೆಲ್ಲ ಗೊತ್ತಾಗದೆ ಇರುತ್ತದಾ ಎಂದು ಎಷ್ಟು ಸಮಾಧಾನ ಹೇಳಿದರೂ ಅಷ್ಟೆ.

ಕೆಲವು ವರ್ಷಗಳ ನಂತರ ಒಂದು ಮಧ್ಯಾಹ್ನ ಫೋನ್ ಮಾಡಿದರು. ದನಿ ಹಗುರವಾಗಿತ್ತು, ಗುದೈಬಿಯಾದ ದಿನಗಳಲ್ಲಿ ಇದ್ದ ಹಾಗೆ. ಹೊಟ್ಟೆಯಲ್ಲಿ ಗಡ್ಡೆ, ಬಹಳ ಮುಂದೆ ಹೋಗಿದೆ ಎಂದು ಡಾಕ್ಟರು ಹೇಳಿದ್ದರಂತೆ.

"ಸದ್ಯ, ನನಗೇ ಬಂತು" ಎಂದರು. "ಅವಳಿಗೆ ಬರಲಿಲ್ಲ. ಒಳ್ಳೆಯ ಸಂತ ಮಾರಾಯ್ತಿ."

ಆಮೇಲೆ ಹೆಚ್ಚು ಕಾಲ ಇರಲಿಲ್ಲ. ಅವರಿಲ್ಲ ಎನ್ನುವುದು ಈಗಲೂ ನನಗೆ ಬಹಳ ಬೇಜಾರು. ಮಗಳು ಡರ್ಹಮ್‌ನಲ್ಲೇ ಇದ್ದಾಳೆ, ತಾಯಿಯ ಹಾಗೆ ನರ್ಸ್. ಕನ್ನಡ ಮರೆಯುತ್ತ ಬಂದಿದ್ದಾಳೆ, ಆದರೂ ಆಗಾಗ ಫೋನ್ ಮಾಡುತ್ತಾಳೆ. ಕಳೆದ ವಾರ ಕೇಳಿದಳು:

"ಆಂಟಿ, ರಿಪೋರ್ಟ್ ಬಂದ ದಿನ ಮಮ್ಮಿ ನನ್ನ ಮುಖ ಹಿಡಿದುಕೊಂಡು ನಗ್ತಾ ಇದ್ರು. ಯಾಕೆ ಅಂತ ನಿಮಗೆ ಗೊತ್ತಾ?"

ಗೊತ್ತಿಲ್ಲ ಮಗಾ ಎಂದೆ.