ಗಂಗಮ್ಮನ ಹೊಗೆಸೊಪ್ಪು

ಹೊಗೆಸೊಪ್ಪು ಬಿಡಿ ಎಂದು ಹೇಳಿ, ಬಾಯಿ ಪರೀಕ್ಷೆ ಮಾಡಿ ಬರಲು ಆರೋಗ್ಯ ಇಲಾಖೆಯ ಕೆಲಸದ ಮೇಲೆ ಕಂದಿಕೆರೆಗೆ ಹೋಗಿದ್ದೆ. ಕೊಬ್ಬರಿ ಒಡೆಯುವ ಹೆಂಗಸರಲ್ಲಿ ಗಂಗಮ್ಮನ ಕೆನ್ನೆಯೊಳಗೆ, ಸೊಪ್ಪು ಇಡುವ ಜಾಗದಲ್ಲೇ, ಬಿಳಿ ಮಚ್ಚೆ ಕಂಡಿತು.

"ಎಷ್ಟು ದಿನದಿಂದ ಹಾಕ್ಕೊಳ್ತಿದ್ದೀರಮ್ಮ?"

"ಹಲ್ನೋವು ಅಂತ ಇಟ್ಕಂಡಿದ್ದು ಕಣವ್ವ. ಇಪ್ಪತ್ತು ವರ್ಸ ಆಯ್ತು."

"ಆ ಹಲ್ಲು ಈಗಲೂ ನೋಯುತ್ತಾ?"

"ಎಲ್ಲಿ ನೋಯ್ತದೆ? ಅದು ಬಿದ್ದೋಗಿ ಹತ್ತು ವರ್ಸ ಆಯ್ತು!"

ಹೇಳಿ ತಾವೇ ನಕ್ಕರು, ಸುತ್ತಲಿದ್ದ ಹೆಂಗಸರೂ ನಕ್ಕರು. ಹೀಗೇ ಬಿಟ್ಟರೆ ಈ ಮಚ್ಚೆ ಕ್ಯಾನ್ಸರ್ ಆಗಬಹುದು ಎಂದಾಗ ಎಲ್ಲರ ನಗು ನಿಂತಿತು. ಗಂಗಮ್ಮ ಸೊಂಟದ ಎಲೆಅಡಿಕೆ ಚೀಲ ತೆಗೆದು ನನ್ನ ಕೈಗಿಟ್ಟು, "ಹೆಂಗೆ ಬುಡದು, ಹೇಳವ್ವ" ಎಂದರು.

ಬೇಕು ಅನಿಸಿದಾಗ ಐದು ನಿಮಿಷ ತಡೆಯಿರಿ, ನೀರು ಕುಡಿಯಿರಿ, ಬಾಯಿಗೆ ಸೋಂಪು ಹಾಕಿಕೊಳ್ಳಿ. ಮೊದಲ ಕೆಲವು ವಾರ ಸಿಡಿಮಿಡಿ ಇರುತ್ತದೆ, ಹೆದರಬೇಡಿ ಎಂದೆ. ತಿಪಟೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪುಣ್ಯಕ್ಕೆ ಕ್ಯಾನ್ಸರ್ ಇರಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಹೋದಾಗ ಮಚ್ಚೆ ಮಾಸಿತ್ತು. ಗಂಗಮ್ಮ ಉಳಿದವರನ್ನೆಲ್ಲ ಕೂರಿಸಿಕೊಂಡು, ತಮ್ಮ ಕೆನ್ನೆ ಎಳೆದು ತೋರಿಸುತ್ತ, ನಾನು ಹೇಳಬೇಕಾದ್ದನ್ನೆಲ್ಲ ಹೇಳುತ್ತಿದ್ದರು. ನಡುವೆ ಬಾಯಿ ಹಾಕಿದ ನನ್ನನ್ನೇ "ಸುಮ್ನಿರವ್ವ" ಎಂದು ಗದರಿದರು. ವರದಿಯಲ್ಲಿ ಮಾತ್ರ ಭಾಷಣ ಮಾಡಿದ್ದು ನಾನೇ ಎಂದು ಬರೆದೆ.