ಒಳ್ಳೆಯ ಕಾಲ ಹೇಳುವ ಕಿಟಕಿಯಮ್ಮ

"ನಾನು ಹೇಳಿದ ಕಾಲಕ್ಕೆ ಬಂದು ಸರೋವರ ಕಾಣದೆ ವಾಪಸ್ ಹೋದವರು ಈ ಭೂಮಿ ಮೇಲೆ ಒಬ್ಬರೂ ಇಲ್ಲ. ಇದ್ರೆ ಕರ್ಕೊಂಡ್ ಬನ್ನಿ, ಆವತ್ತೇ ಕಿಟಕಿ ಮುಚ್ಚಿ ಮನೆಗೆ ಹೋಗ್ತೀನಿ."

ಮೂವತ್ತೊಂದು ವರ್ಷದಿಂದ ಕಿಟಕಿಯಮ್ಮ ಈ ಮಾತನ್ನು ಹೇಳುತ್ತ ಬಂದಿದ್ದಳು. ಯಾರೂ ಕರೆದುಕೊಂಡು ಬಂದಿರಲಿಲ್ಲ, ಅವಳೂ ಕಿಟಕಿ ಮುಚ್ಚಿರಲಿಲ್ಲ.

ಕಿಟಕಿ ಇದ್ದದ್ದು ಲಾಂಚ್ ನಿಲ್ದಾಣದಲ್ಲಿ. ರೈಲು ಸರೋವರದ ಆಚೆ ದಡದವರೆಗೆ ಮಾತ್ರ ಬರುತ್ತಿತ್ತು. ಈಚೆ ದಡದ ಊರಿಗೆ ಬರಬೇಕಾದವರು ಮುಕ್ಕಾಲು ಗಂಟೆ ಲಾಂಚಿನಲ್ಲಿ ಕೂತೇ ಬರಬೇಕು. ನಿಲ್ದಾಣದ ಮೂಲೆಯಲ್ಲಿ 'ವಿಚಾರಣೆ' ಎಂಬ ಹಲಗೆ, ಅದರ ಕೆಳಗೆ ಕಿಟಕಿ, ಕಿಟಕಿಯ ಹಿಂದೆ ಒಬ್ಬರು ಕೂತರೆ ಇನ್ನೊಬ್ಬರು ಉಸಿರಾಡಲು ಹೊರಗೆ ಹೋಗಬೇಕಾದಷ್ಟು ಜಾಗ. ಅದರೊಳಗೆ ಒಂದು ಕುರ್ಚಿ, ಒಂದು ಫೋನು, ಒಂದು ಮೈಕು. ಮೈಕು ನೆಪಕ್ಕೆ. ಒಮ್ಮೆ ಅದು ಕೆಟ್ಟು ಎಂಟು ತಿಂಗಳಾದರೂ ಊರಿನಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ, ಅವಳಿಗೂ ಗೊತ್ತಾಗಿರಲಿಲ್ಲ. ಅವಳು "ಒಂಬತ್ತೂ ಕಾಲರ ಲಾಂಚು" ಎಂದು ಕೂಗಿದರೆ ಸರೋವರದ ಮೀನುಗಳೆಲ್ಲ ಎದ್ದು ಸಾಲಾಗಿ ನಿಲ್ಲುತ್ತಿದ್ದವು ಎನ್ನುತ್ತಾರೆ. ಅಷ್ಟೂ ನಂಬಬೇಕಾಗಿಲ್ಲ, ಒಂದೆರಡು ಮೀನು ನಿಲ್ಲುತ್ತಿದ್ದದ್ದು ಮಾತ್ರ ನಿಜ.

ಲಾಂಚಿನ ಹೊತ್ತು ಕೂಗುವುದು ಅವಳ ಅರ್ಧ ಕೆಲಸ. ಇನ್ನರ್ಧ, ಫೋನಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಕೊಡುವುದು: "ನಿಮ್ಮೂರಿಗೆ ಯಾವ ಕಾಲದಲ್ಲಿ ಬಂದ್ರೆ ಒಳ್ಳೇದು?" ಸರ್ಕಾರಿ ಹಾಳೆಯಲ್ಲಿ ಇದಕ್ಕೆ ಒಂದು ಸಾಲಿನ ಉತ್ತರವಿತ್ತು. ಅವಳು ಆ ಹಾಳೆಯನ್ನು ಕುರ್ಚಿಯ ಕುಂಟು ಕಾಲಿನ ಕೆಳಗೆ ಮಡಚಿಟ್ಟು, ಕೇಳಿದವರನ್ನೇ ಅಡ್ಡಪ್ರಶ್ನೆಗಳಲ್ಲಿ ಜಾಲಾಡುತ್ತಿದ್ದಳು. ಮಂಡಿ ನೋವಿದೆಯಾ? ಜೊತೆಗೆ ಅತ್ತೆ ಬರ್ತಾರಾ? ಮದುವೆಯಾಗಿ ಎಷ್ಟು ವರ್ಷ? ಹೊಸ ಜೋಡಿಗೆ ಮಳೆಗಾಲ: "ಹೊರಗಡೆ ನೋಡೋಕೆ ನಿಮಗೇನಿದೆ, ಬನ್ನಿ." ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ಬೇಸಿಗೆ: "ಜಾತ್ರೆ ಥರ ಜನ ಇರ್ತಾರೆ ಸಾರ್, ಒಬ್ಬರ ಜೊತೆ ಒಬ್ಬರು ಮಾತಾಡೋ ಕಷ್ಟ ಇರಲ್ಲ."

ನಿಜವಾಗಿ ಸರೋವರವನ್ನೇ ನೋಡಬೇಕೆನ್ನುವವರಿಗೆ ಮಾತ್ರ ಅವಳು ತನ್ನ ಹನ್ನೆರಡು ದಿನ ಬಿಟ್ಟುಕೊಡುತ್ತಿದ್ದಳು. ಮಳೆ ನಿಂತು ಚಳಿ ಶುರುವಾಗುವ ಮುಂಚಿನ ಹನ್ನೆರಡು ದಿನ. ಆಗ ನೀರು ದಡ ತುಂಬಿರುತ್ತದೆ, ಗಾಳಿ ತೊಳೆದಿಟ್ಟಂತಿರುತ್ತದೆ, ಆಚೆ ದಡದ ಸ್ಟೇಷನ್ ಮಾಸ್ತರರು ಬೆಳಿಗ್ಗೆ ಗಡ್ಡ ಹೆರೆದಿದ್ದಾರೋ ಇಲ್ಲವೋ ಈಚೆ ದಡದಿಂದಲೇ ಹೇಳಬಹುದು. ಆ ಹನ್ನೆರಡು ದಿನದ ಮೇಲೆ ಊರಿಗೆ ಎಂಥ ನಂಬಿಕೆಯೆಂದರೆ, ಮಂಜು ಬಿದ್ದಾಗ ಲಾಂಚುಗಳಿಗೆ ದಡ ತಿಳಿಸುವ ದೊಡ್ಡ ಸೈರನ್ನನ್ನು ನಿಲ್ದಾಣದ ಮೇನೇಜರು ಪ್ರತಿವರ್ಷ ಆಗಲೇ ಕಂಬದಿಂದ ಇಳಿಸಿ ರಿಪೇರಿಗೆ ಕಳಿಸುತ್ತಿದ್ದರು.

"ಇಳಿಸಲಾ ಅಮ್ಮ?"

"ಇಳಿಸಿ ಸಾರ್. ಈ ಹನ್ನೆರಡು ದಿನದಲ್ಲಿ ಮಂಜು ಬರಬೇಕು ಅಂದ್ರೆ ನನ್ನ ಹತ್ರ ಟಿಕೆಟ್ ತಗೊಂಡು ಬರಬೇಕು."

ಇಂಥವಳನ್ನು ಒಂದು ಫೋನ್ ಕರೆ ಹಾಸಿಗೆ ಹಿಡಿಸುವ ಮಟ್ಟಕ್ಕೆ ತಂದಿತು. ಫೋನ್ ಮಾಡಿದವಳು ಅವಳ ಸ್ವಂತ ಅಕ್ಕ.

ಅಕ್ಕನೆಂದರೆ ಒಂಬತ್ತು ವರ್ಷ ದೊಡ್ಡವಳು. ಚಂದ್ರನನ್ನು ತಟ್ಟೆಯಲ್ಲಿಟ್ಟು ಕೊಟ್ಟರೂ ತಟ್ಟೆ ಸರಿಯಾಗಿ ತೊಳೆದಿಲ್ಲ ಎನ್ನುವವಳು. ತಂಗಿ ಲಾಂಚ್ ಮೆಕ್ಯಾನಿಕ್ಕನನ್ನು ಮದುವೆಯಾಗಿ ಈ ಊರಿಗೆ ಹೊರಟಾಗ ಬಾಗಿಲಲ್ಲಿ ನಿಂತು, "ಒಂದು ವರ್ಷ. ಆಮೇಲೆ ಗಂಟುಮೂಟೆ ಕಟ್ಕೊಂಡು ಇದೇ ಬಾಗಿಲಿಗೆ ಬರ್ತೀಯ" ಎಂದಿದ್ದಳು. ಆಮೇಲೆ ಎಷ್ಟು ಸಲ ಕರೆದರೂ ತಂಗಿಯ ಊರಿನ ಕಡೆ ತಲೆಹಾಕಿರಲಿಲ್ಲ. ಈಗ ಇದ್ದಕ್ಕಿದ್ದಂತೆ ಫೋನು:

"ಮಂಡಿ ಇನ್ನೂ ಮಾತು ಕೇಳ್ತಾ ಇರೋವಾಗ್ಲೇ ನಿನ್ನ ಊರು ಒಂದ್ಸಲ ನೋಡಿಬಿಡ್ತೀನಿ. ಒಂದೇ ಸಲ. ಯಾವಾಗ ಬರ್ಲಿ ಹೇಳು. ನೀನು ಅದ್ರಲ್ಲಿ ದೊಡ್ಡ ಪಂಡಿತೆಯಂತಲ್ಲ."

ಸಾವಿರಾರು ಅಪರಿಚಿತರಿಗೆ ಅರೆನಿಮಿಷದಲ್ಲಿ ಕಾಲ ಹೇಳಿದವಳಿಗೆ ಅಕ್ಕನ ಕಾಲ ಹೇಳಲು ನಾಲ್ಕು ತಿಂಗಳು ಹಿಡಿಯಿತು. ಇದ್ದದ್ದು ಒಂದೇ ಅವಕಾಶ. ಮೂವತ್ತೊಂದು ವರ್ಷದ ಹಿಂದೆ ತಾನು ಆರಿಸಿಕೊಂಡದ್ದು ಸರಿ ಎಂದು ಅಕ್ಕನ ಬಾಯಿಂದ ಬರದಿದ್ದರೂ, ತಪ್ಪು ಎಂದು ಬರಬಾರದು. ಬೇಸಿಗೆಗೆ ಕರೆದರೆ ನೀರು ಇಳಿದು ಕೆಸರಿನ ವಾಸನೆ. ಅಕ್ಕನ ಮೂಗು ಮೂರು ಮನೆ ಆಚೆ ಸೀದ ಹಾಲನ್ನು ಹಿಡಿಯುವಂಥದ್ದು. ಮಳೆಗೆ ಕರೆದರೆ ದಡದ ಮೆಟ್ಟಿಲು ಜಾರುತ್ತದೆ. ಚಳಿಗೆ ಕರೆದರೆ ಮಂಜು.

"ಅಲ್ಲ ಕಣೇ, ಊರಿಗೆಲ್ಲ ಹೇಳ್ತೀಯಲ್ಲ, ಆ ಹನ್ನೆರಡು ದಿನಾನೇ ಹೇಳು" ಎಂದ ಮೆಕ್ಯಾನಿಕ್ ಗಂಡ.

"ನೀವು ಸುಮ್ನಿರಿ. ಊರು ಬೇರೆ, ನಮ್ಮಕ್ಕ ಬೇರೆ."

ಕೊನೆಗೆ ಅದೇ ಹನ್ನೆರಡು ದಿನ ಎಂದಾಯಿತು. ಅದರಲ್ಲೂ ನಟ್ಟನಡುವಿನ ಏಳನೇ ದಿನ. ಅದರಲ್ಲೂ ಬೆಳಗಿನ ಒಂಬತ್ತೂ ಕಾಲರ ಲಾಂಚು, ಬಲಗಡೆಯ ಕಿಟಕಿ ಸೀಟು. ಗೋಡೆಗೆ ಸುಣ್ಣವಾಯಿತು, ಪರದೆ ಬದಲಾಯಿತು, ಗಂಡನಿಗೂ ಒಂದು ಹೊಸ ಅಂಗಿ ಬಂತು.

ಏಳನೇ ದಿನ ಬೆಳಿಗ್ಗೆ ಸರೋವರ ಕನ್ನಡಿಯಂತಿತ್ತು. ಒಂಬತ್ತೂ ಕಾಲಿಗೆ ಲಾಂಚು ಆಚೆ ದಡ ಬಿಟ್ಟಿತೆಂದು ಫೋನ್ ಬಂತು. ಒಂಬತ್ತೂವರೆಗೆ ಎಲ್ಲಿಂದಲೋ ಒಂದು ತಣ್ಣನೆಯ ಗಾಳಿ ಬೀಸಿತು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಸರೋವರ ಇರಲಿಲ್ಲ.

ಅಂಥ ಮಂಜನ್ನು ಊರು ಚಳಿಗಾಲದಲ್ಲೂ ಕಂಡಿರಲಿಲ್ಲ. ಒಂದು ಕಾಗೆ ಹಾರುತ್ತಿದ್ದಲ್ಲೇ ಕೂತು ಸುಧಾರಿಸಿಕೊಂಡಿತು. ಮೆಕ್ಯಾನಿಕ್ ನಿಲ್ದಾಣಕ್ಕೆ ಓಡಿ ಬಂದವನು ಸೈಕಲ್ಲನ್ನು ಮಂಜಿಗೇ ಒರಗಿಸಿ ಬಿಟ್ಟ. ಮಧ್ಯಾಹ್ನದವರೆಗೂ ಅದು ಬೀಳಲಿಲ್ಲ.

ಮೇನೇಜರು ಕಂಬದ ತುದಿ ನೋಡಿದರು. ತುದಿ ಕಾಣಲಿಲ್ಲ, ಕಂಡಿದ್ದರೂ ಅಲ್ಲಿ ಸೈರನ್ ಇರಲಿಲ್ಲ. ಅದು ಕಾರ್ಯಾಗಾರದಲ್ಲಿ ನಾಲ್ಕು ತುಂಡಾಗಿ ಬಿದ್ದಿತ್ತು, ಕಿಟಕಿಯಮ್ಮನ ಮಾತಿನ ಮೇಲೆ.

ಅವಳು ಲಾಂಚ್ ಚಾಲಕನಿಗೆ ಫೋನ್ ಮಾಡಿದಳು. "ಎಲ್ಲಿದ್ದೀಯಪ್ಪ?"

"ಮಂಜಲ್ಲಿ."

"ಮುಂದೆ ಏನು ಕಾಣ್ತಿದೆ?"

"ಮಂಜು."

ನಿಲ್ದಾಣದ ಎರಡು ಕಡೆಯೂ ನೀರಿನೊಳಗೆ ಬಂಡೆಗಳ ಸಾಲು. ನಡುವೆ ಲಾಂಚು ನುಗ್ಗುವಷ್ಟೇ ಸಂದಿ. ದಿಕ್ಸೂಚಿ ದಡ ಎತ್ತ ಎಂದು ಹೇಳಬಲ್ಲದು, ಸಂದಿ ಎಲ್ಲಿ ಎಂದು ಹೇಳಲಾರದು. ನಿಲ್ಲಿಸಿ ಕಾಯೋಣವೆಂದರೆ ಲಂಗರು ತಳ ಮುಟ್ಟದಷ್ಟು ಆಳ. ಸುಮ್ಮನಿದ್ದರೆ ನೀರಿನ ಸೆಳೆತವೇ ಬಂಡೆಗಳ ಮೇಲೆ ಒಯ್ದು ಹಾಕುತ್ತದೆ. ಲಾಂಚಿನಲ್ಲಿ ಇಪ್ಪತ್ತೆರಡು ಜನ. ಬಲಗಡೆಯ ಕಿಟಕಿ ಸೀಟಿನಲ್ಲಿ ಅಕ್ಕ.

ಕಿಟಕಿಯಮ್ಮ ಮೈಕನ್ನು ಬುಡಸಮೇತ ಕಿತ್ತುಕೊಂಡು, ತಂತಿ ಎಳೆಯುತ್ತ, ದಡದ ತುದಿಗೆ, ಸಂದಿಗೆ ನೇರ ಎದುರಾಗಿ ಹೋಗಿ ನಿಂತಳು.

"ಚಾಲಕರೇ! ನನ್ನ ದನಿ ಮೂಗಿನ ನೇರಕ್ಕೆ ಇಟ್ಕೊಂಡು ಬನ್ನಿ! ನಾನು ನಿಲ್ಲಿಸಲ್ಲ!"

ಮೊದಲು ವೇಳಾಪಟ್ಟಿ ಹೇಳಿದಳು. ಬೆಳಗಿನದು, ಮಧ್ಯಾಹ್ನದ್ದು, ಭಾನುವಾರದ್ದು. ಅದು ಮುಗಿಯಿತು. ಲಾಂಚಿನಲ್ಲಿ ಉಗುಳಬಾರದು, ಮಕ್ಕಳನ್ನು ಕಟಕಟೆಯ ಮೇಲೆ ಕೂರಿಸಬಾರದು ಎಂದಳು. ಅದೂ ಮುಗಿಯಿತು. ಉಸಿರೆಳೆದುಕೊಳ್ಳಲು ಎರಡು ಕ್ಷಣ ನಿಂತಳೋ ಇಲ್ಲವೋ, ಎಡಗಡೆ ಬಂಡೆಯ ದಿಕ್ಕಿನಲ್ಲಿ ಲಾಂಚಿನ ಗಂಟೆ ಸಣ್ಣಗೆ ಕೇಳಿಸಿತು.

"ನಿಲ್ಲಿಸಬೇಡ ಕಣೇ! ಏನಾದ್ರೂ ಹೇಳು!" ಎಂದು ಗಂಡ ಕೂಗಿದ.

ಹೇಳುವುದೇನು? ಸಾವಿರಾರು ಜನರಿಗೆ ಮಾತು ಕೊಟ್ಟವಳ ಬಾಯಲ್ಲಿ ಮಾತು ಖಾಲಿಯಾಗಿತ್ತು. ಉಳಿದಿದ್ದದ್ದು ಒಂದೇ, ಐವತ್ತು ವರ್ಷದಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡದ್ದು.

"ಅಕ್ಕಾ! ಕೇಳ್ತಿದೆಯಾ? ಶಾಲೇಲಿ ಫೋಟೋ ತೆಗೆಯೋ ಹಿಂದಿನ ದಿನ ನನ್ನ ಜಡೆ ಕತ್ತರಿಸಿದವಳು ನೀನು! ತಲೇಲಿ ಹೇನಿದೆ ಅಂತ ಅಮ್ಮನಿಗೆ ಸುಳ್ಳು ಹೇಳ್ದೆ! ಹೇನಿರ್ಲಿಲ್ಲ!"

ಊರಿನ ಒಂಬತ್ತು ಬೀದಿಯಲ್ಲೂ ಅದು ಮೊಳಗಿತು. ಆಮೇಲೆ ಮಂಜಿನ ಹೊಟ್ಟೆಯೊಳಗಿಂದ, ಮೈಕು ಗೀಕು ಏನೂ ಇಲ್ಲದೆ, ಅದೇ ವಂಶದ ಕಂಠ ಬಂತು:

"ಇತ್ತು ಕಣೇ! ಎಣಿಸಿದೀನಿ!"

"ಎಡಕ್ಕೆ ಇದ್ದಾರೆ!" ಎಂದು ಮೆಕ್ಯಾನಿಕ್ ಕುಣಿದ. "ಅಕ್ಕನವರು ಎಡಕ್ಕೆ ಇದ್ದಾರೆ! ಎದುರು ಮುಖ ಬರ್ತಿದ್ದಾರೆ, ಅವರ ಎಡಕ್ಕೇ ತಿರುಗಿಸು ಅನ್ನು!"

"ಚಾಲಕರೇ, ನಿಮ್ಮ ಎಡಕ್ಕೆ! ಅಕ್ಕಾ, ಮತ್ತೆ ನನ್ನ ಹಸಿರು ಲಂಗ ಯಾರು ಹರಿದಿದ್ದು?"

"ಅದು ನನ್ನ ಲಂಗ! ನೀನು ಕೇಳದೆ ಉಟ್ಟಿದ್ದೆ!"

"ಸ್ವಲ್ಪ ಬಲಕ್ಕೆ! ನಾನು ಹಾಡಿದ್ರೆ ಎಮ್ಮೆ ಓಡಿಹೋಗತ್ತೆ ಅಂತ ನೆಂಟರ ಮುಂದೆ ಅಂದವರು ಯಾರು?"

"ಓಡಿಹೋಯ್ತಲ್ಲ! ಹುಡುಕೋಕೆ ನಾನೇ ಹೋಗಿದ್ದೆ!"

ದಡದಲ್ಲಿ ಇಡೀ ಊರು ಸೇರಿತ್ತು. ಸವಾಲಿಗೆ ಜವಾಬು, ಜವಾಬಿಗೆ ಸವಾಲು. ಪ್ರತಿ ಜವಾಬೂ ಹತ್ತು ಮಾರು ಹತ್ತಿರ. ಹುಟ್ಟಿದಾಗಿನಿಂದ ಒಂದು ಚುಚ್ಚುಮಾತನ್ನೂ ಅಕ್ಕ ಉತ್ತರವಿಲ್ಲದೆ ಬಿಟ್ಟವಳಲ್ಲ. ಅದೇ ಈಗ ಇಪ್ಪತ್ತೆರಡು ಜೀವಕ್ಕೆ ಹಗ್ಗವಾಗಿತ್ತು. ಆದರೆ ಬಂಡೆಯ ಸಂದಿ ಬರುವ ಹೊತ್ತಿಗೆ ಕಿಟಕಿಯಮ್ಮನ ಬಾಯಿಂದ, ತಡೆಯುವ ಮೊದಲೇ, ಆ ಮಾತು ಬಂದುಬಿಟ್ಟಿತು:

"ನಾನು ಹೊರಟಾಗ ಏನಂದೆ? ಒಂದು ವರ್ಷದಲ್ಲಿ ವಾಪಸ್ ಬರ್ತೀಯ ಅಂದೆ! ಅಂದೆಯೋ ಇಲ್ವೋ?"

ಮಂಜು ಸುಮ್ಮನಾಯಿತು. ಗಂಟೆಯೂ ಇಲ್ಲ, ಎಂಜಿನ್ನೂ ಇಲ್ಲ. ಚಾಲಕನೂ ಕಿವಿ ನಿಮಿರಿಸಿ ಎಂಜಿನ್ ತಗ್ಗಿಸಿದ್ದ. ಮೆಕ್ಯಾನಿಕ್ ಹೆಂಡತಿಯ ಮುಖ ನೋಡಿದ.

"ಅಕ್ಕಾ!"

"ಅಂದೆ!" ದನಿ ತೀರ ಹತ್ತಿರದಲ್ಲಿತ್ತು, ಒಡೆದಿತ್ತು. "ಅಂದಿದ್ದೆ ಕಣೇ! ಬರ್ತೀಯ ಅಂತ ಆ ವರ್ಷ ಪೂರ್ತಿ ಬಾಗಿಲು ಹಾಕ್ಕೊಳ್ದೆ ಕೂತಿದ್ದೆ! ನೀನು ಬಂದೆಯಾ, ಹಟಮಾರಿ?"

"ನೇರ! ನೇರಕ್ಕೆ ಬನ್ನಿ, ನೇರ!" ಎಂದು ಕಿಟಕಿಯಮ್ಮ ಕೂಗಿದಳು. ಕಣ್ಣಿನಲ್ಲಿ ನೀರು, ದನಿಯಲ್ಲಿ ಮಾತ್ರ ಒಂದು ಗೆರೆ ಬಿರುಕಿಲ್ಲ. ಮಂಜಿನ ಗೋಡೆ ಸೀಳಿಕೊಂಡು ಲಾಂಚಿನ ಮೂತಿ ಹೊರಗೆ ಬಂದಾಗ ಅದು ದಡದ ರಬ್ಬರ್ ಟೈರಿಗೆ ಕೆನ್ನೆ ಒರೆಸಿದಷ್ಟು ಮೆತ್ತಗೆ ತಾಗಿತು.

ಆಮೇಲಿನ ಗದ್ದಲವನ್ನು ಬಣ್ಣಿಸಿದರೆ ಯಾರೂ ನಂಬಲಾರರು. ಚಪ್ಪಾಳೆಯ ಗಾಳಿಗೆ ಮಂಜು ನಾಲ್ಕು ಅಡಿ ಹಿಂದೆ ಸರಿಯಿತು ಎಂದಷ್ಟೇ ಹೇಳಬಹುದು. ಮೇನೇಜರು ಅತ್ತುಬಿಟ್ಟರು. ಎಂದೂ ಎರಡು ಮಾತಿಗಿಂತ ಹೆಚ್ಚು ಆಡದ ಚಾಲಕ ಕೆಳಗಿಳಿದು, "ಅಮ್ಮ, ನಮಗೆ ಸೈರನ್ ಬೇಡ, ಅಕ್ಕತಂಗಿ ಇದ್ರೆ ಸಾಕು" ಎಂದ. ಆ ತಿಂಗಳ ಮಾತೆಲ್ಲ ಅವನಿಗೆ ಅಲ್ಲಿಗೆ ಮುಗಿಯಿತು.

ಅಕ್ಕ ಮಂಡಿ ಹಿಡಿದುಕೊಂಡು ಹಲಗೆ ಇಳಿದಳು. ತಂಗಿಯ ಎರಡೂ ಕೆನ್ನೆ ಹಿಡಿದಳು. ಆಮೇಲೆ ಸುತ್ತ ನೋಡಿದಳು. ನೋಡಲು ಏನೂ ಇರಲಿಲ್ಲ.

"ಇದೇನಾ ಒಳ್ಳೆ ಕಾಲ?"

ಮೂವತ್ತೊಂದು ವರ್ಷದ ಹೆಮ್ಮೆಯ ಮಾತು ಆವತ್ತು ಇಪ್ಪತ್ತೆರಡು ಸಾಕ್ಷಿಗಳ ಎದುರು ಮುಳುಗಿತ್ತು. ಕಿಟಕಿಯಮ್ಮ ನೆಟ್ಟಗೆ ಮೇನೇಜರ ಬಳಿ ಹೋಗಿ, "ಕಿಟಕಿ ಮುಚ್ಚಿ ಮನೆಗೆ ಹೋಗ್ತೀನಿ ಸಾರ್, ಮಾತು ಅಂದ್ರೆ ಮಾತು" ಎಂದಳು. ಮೇನೇಜರು ಕಿಟಕಿಯ ಬೀಗದ ಕೈಯನ್ನು ಎಲ್ಲರೂ ನೋಡುವಂತೆ ಸರೋವರಕ್ಕೆ ಎಸೆದರು.

ಮಂಜು ಮೂರು ದಿನ ಕೂತಿತ್ತು. ಅಕ್ಕ ಆ ಮೂರು ದಿನವೂ ಇಬ್ಬರಿಗೆ ಜಾಗವಿಲ್ಲದ ಆ ಗೂಡಿನಲ್ಲಿ ತಂಗಿಯ ಪಕ್ಕ ಒತ್ತರಿಸಿ ಕೂತಳು. ಬೀದಿಯಲ್ಲಿ ಹೋದರೆ ಜನ ನಿಂತು ಕೈಮುಗಿಯುತ್ತಿದ್ದರು. ತರಕಾರಿಯವಳು ಹೇನಿನ ವಿಷಯದಲ್ಲಿ ಅಕ್ಕನ ಪಕ್ಷ, ದರ್ಜಿ ತಂಗಿಯ ಪಕ್ಷ. ನಾಲ್ಕನೇ ದಿನ ಮಂಜೆದ್ದು ಸರೋವರ ಇದ್ದಕ್ಕಿದ್ದಂತೆ ಕಣ್ಣು ತುಂಬ ತೆರೆದುಕೊಂಡಿತು. ಅಕ್ಕ ಸೊಂಟಕ್ಕೆ ಕೈಯಿಟ್ಟು ಪೂರ್ತಿ ಕಾಲುಗಂಟೆ ನೋಡಿದಳು. "ಇನ್ನೊಂದು ಸ್ವಲ್ಪ ನೀಲಿ ಇರಬಹುದಿತ್ತು" ಎಂದಳು. ಎಂದವಳು ಅಲ್ಲೇ ಕೂತು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಮರುವಾರ ಒಂದು ಬೆಳಿಗ್ಗೆ ಕಿಟಕಿಯಮ್ಮ ಲಾಂಚಿನ ಹೊತ್ತು ಕೂಗುತ್ತಿದ್ದಾಗ ಫೋನು ಬಡಿದುಕೊಂಡಿತು. ಅಕ್ಕನೇ ಎತ್ತಿದಳು.

"ಯಾವ ಕಾಲಾನಾ? ಯಾವ ಕಾಲಕ್ಕೂ ಬರ್ಬೇಡಿ ಸ್ವಾಮಿ. ನಾನು ಬಂದು ನೋಡಿದೀನಲ್ಲ. ಬಂದ್ರೆ ಮಂಜು, ಹೋದ್ರೆ ಮೆಟ್ಟಿಲು. ಇಲ್ಲಿಯವರ ಮಾತು ಕೇಳ್ಕೊಂಡು ಹೊರಡ್ಬೇಡಿ."

ಕಿಟಕಿಯಮ್ಮ ಮೈಕು ಕೆಳಗಿಟ್ಟು, ಅಕ್ಕನ ಕೈಯಿಂದ ಫೋನು ಕಿತ್ತುಕೊಂಡಳು.

"ಯಾವಾಗ ಬೇಕಾದ್ರೂ ಬನ್ನಿ ಸಾರ್. ವಾಪಸ್ ಹೋಗೋ ಟಿಕೆಟ್ ಮಾತ್ರ ಮುಂಚೇನೇ ತಗೋಬೇಡಿ. ಈಗ ಮಾತಾಡಿದ್ರಲ್ಲ, ಅವರು ಎರಡೇ ದಿನಕ್ಕೆ ಅಂತ ಬಂದವರು. ಮೂರು ಸಲ ರದ್ದು ಮಾಡ್ಸಿದಾರೆ."