ರಾಣಿಗೆ ಬಿದ್ದ ಪೆಟ್ಟು

ಮೊನ್ನೆ ಸುಳ್ಯದ ಬಸ್ಸಿನಲ್ಲಿ ಯಾರೋ ರಬ್ಬರ್ ಶೀಟಿನ ಕಟ್ಟು ತಂದು ನನ್ನ ಕಾಲ ಬುಡದಲ್ಲಿ ಇಟ್ಟರು. ಹೊಗೆಯೂ ಹುಳಿಯೂ ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಂಜದ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು. ದಿನಾ ರಬ್ಬರ್ ಹಾಲು ತೆಗೆದು ಶೀಟು ಮಾಡುತ್ತಿದ್ದ ಅವರ ಕೈಯಿಂದ, ಎಷ್ಟು ಸಾಬೂನು ಹಾಕಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ...

ಅವರ ಗಂಡನನ್ನು ನಾವು ಭಾವ ಎನ್ನುತ್ತಿದ್ದೆವು. ಎಂಥ ಭಾವ! ಹೆಂಡತಿಗೆ ಹೊಡೆಯಲು ಅವನಿಗೆ ಕುಡಿಯಬೇಕೆಂದೂ ಇರಲಿಲ್ಲ, ಸಾರಿಗೆ ಉಪ್ಪು ಹೆಚ್ಚಾದರೆ ಸಾಕು. ಬೇಲಿಯಾಚೆ ಪೆಟ್ಟಿನ ಸದ್ದು ಕೇಳಿದರೆ ನಮ್ಮಮ್ಮ ಕಿಟಕಿ ಹಾಕುತ್ತಿದ್ದರು. ಅದು ಅವರ ಮನೆ ವಿಷಯ, ಅಷ್ಟೆ.

ಎಂಬತ್ತರ ದಶಕದ ನಡುಭಾಗ. ನಾನು ಸುಳ್ಯದಲ್ಲಿ ಡಿಗ್ರಿ ಓದುತ್ತಿದ್ದೆ. ಒಂದು ಆದಿತ್ಯವಾರ ಅಪ್ಪ ಪುತ್ತೂರಿನಿಂದ ಟಿ.ವಿ., ವಿ.ಸಿ.ಆರ್. ಬಾಡಿಗೆಗೆ ತರಿಸಿದರು. ಕ್ಯಾಸೆಟ್ಟಿನಲ್ಲಿದ್ದದ್ದು ಜಿಲ್ಲೆಯಿಡೀ ಹೆಸರು ಮಾಡಿದ್ದ ಒಂದು ಐತಿಹಾಸಿಕ ಸಂಗೀತ ನಾಟಕ. ಟೆಂಟಿನಲ್ಲಿ ಕೂತು ನೋಡಬೇಕಾದ ನಾಟಕ ನಮ್ಮ ಚಾವಡಿಗೇ ಬಂದಿತ್ತು! ಮಧ್ಯಾಹ್ನದ ಊಟ ಮುಗಿಸಿ ನೆರೆಕರೆಯವರೆಲ್ಲ ಬಂದು ಸೇರಿದರು. ಗುಂಡಿ ಒತ್ತುವ ಅಧಿಕಾರ ನನ್ನದು. ನನ್ನ ಜಂಬ ಕೇಳಬೇಡಿ.

ಸಂಶಯದ ರಾಜ ರಾಣಿಯನ್ನು ಕಂಬಕ್ಕೆ ಕಟ್ಟಿ ಚಾಟಿ ಬೀಸಿದ. ರಾಣಿ ಪೆಟ್ಟು ತಿನ್ನುತ್ತಲೇ ಹಾಡತೊಡಗಿದಳು. "ಅವನ ಕೈ ಮುರಿದು ಹೋಗ್ಲಿ!" ಎಂದು ಅಮ್ಮ ಶಾಪ ಹಾಕಿದರು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಅಕ್ಕ ಓಡಿ ಬಂದರು. ತುಟಿ ಒಡೆದು ನೆತ್ತರು ಕುತ್ತಿಗೆಗೆ ಇಳಿದಿತ್ತು. ಅಪ್ಪನ ಎದುರು ಕುಸಿದು, "ಮಾವ, ಇವತ್ತೊಂದು ದಿನ ಇಲ್ಲಿರ್ತೇನೆ. ನನ್ನನ್ನು ಕೊಲ್ತಾರೆ" ಎಂದರು.

ಹಿಂದೆಯೇ ಭಾವ ಬಂದ. ಕೈಯಲ್ಲಿ ಸೌದೆ. ಅಷ್ಟೂ ಜನರ ಎದುರು ಅಕ್ಕನ ಕೂದಲು ಹಿಡಿದು ಎಳೆದ. ಅಕ್ಕ ಬಾಗಿಲ ದಾರಂದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವನು ಬೆರಳುಗಳ ಮೇಲೆಯೇ ಹೊಡೆದ. ಮೂರನೆಯ ಪೆಟ್ಟಿಗೆ ಹಿಡಿತ ಬಿಟ್ಟಿತು.

ಅಪ್ಪ ಎದ್ದರು. ಬಿಡಿಸುತ್ತಾರೆ ಅಂದುಕೊಂಡೆ.

"ಎಂತ ಮಾರಾಯ ಇದು, ಜನ ಕೂತಿದ್ದಾರೆ. ನಿಮ್ಮದೆಲ್ಲ ಮನೆಗೆ ಹೋಗಿ ನೋಡಿಕೊಳ್ಳಿ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಸೌಂಡ್ ಸ್ವಲ್ಪ ಜಾಸ್ತಿ ಮಾಡು."

ಮಾಡಿದೆ.

ಅಕ್ಕನ ತಲೆ ಅಂಗಳದ ಮೆಟ್ಟಿಲಿಗೆ ಬಡಿಯಿತು. ಕಂಡದ್ದಷ್ಟೇ, ಸದ್ದು ಕೇಳಲಿಲ್ಲ. ಗಲಾಟೆಯಲ್ಲಿ ಹಾಡು ತಪ್ಪಿಹೋಯಿತೆಂದು ದೊಡ್ಡಮ್ಮ ಗೊಣಗಿದರು. "ಇದನ್ನು ಹಿಂದೆ ತಿರುಗಿಸ್ಲಿಕ್ಕೆ ಆಗ್ತದಂತಲ್ಲ?" ಎಂದು ಕೇಳಿದರು. ಆಗುತ್ತಿತ್ತು. ತಿರುಗಿಸಿದೆ. ರಾಣಿಗೆ ಮತ್ತೊಮ್ಮೆ ಮೊದಲಿನಿಂದ ಪೆಟ್ಟು ಬಿತ್ತು, ಎಲ್ಲರೂ ಮತ್ತೊಮ್ಮೆ ಅತ್ತರು. ನನಗೂ ಅಳು ಬಂತು, ಸುಳ್ಳು ಯಾಕೆ ಹೇಳಲಿ. ರಾಣಿಗಾಗಿ ಬಂದ ಅಳು ಅದು.

ಮಳೆಗಾಲ ಹಿಡಿಯುವ ಮೊದಲೇ ಅಕ್ಕ ತೀರಿಕೊಂಡರು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದರು ಎಂದ ಭಾವ. ಪೊಲೀಸರು ಬಂದು ಕೇಳಿದಾಗ ನಾವೂ ಹಾಗೆಂದೇ ಹೇಳಿದೆವು... ನಾಚಿಕೆಯಾಗಬೇಕು ನಮಗೆ.

ಅಪ್ಪ, ಅಮ್ಮ, ಭಾವ, ಯಾರೂ ಈಗಿಲ್ಲ. ಬೈಯೋಣವೆಂದರೆ ಉಳಿದವಳು ನಾನೊಬ್ಬಳೇ. ರಾಣಿಯ ಆ ಹಾಡು ಇವತ್ತಿಗೂ ನನಗೆ ಪೂರ್ತಿ ಬಾಯಿಪಾಠ. ಅಂಗಳದಲ್ಲಿ ಎಳೆಸಿಕೊಂಡು ಹೋಗುತ್ತಿದ್ದ ಅಕ್ಕ ಒಮ್ಮೆ ನನ್ನನ್ನೇ ನೋಡಿ ಏನೋ ಕೂಗಿದ್ದರು. ಬಾಯಿ ಆಡಿದ್ದು ಕಂಡಿದ್ದೆ. ಏನೆಂದರು ಎಂಬುದು ಮಾತ್ರ ನನಗೆ ಗೊತ್ತಿಲ್ಲ.